ಗುಟ್ಟೂ ಧರ್ಮವೂ

ಕ್ರೈಸ್ತರಲ್ಲಿ ವಿವಾಹಕ್ಕೆ ಮುನ್ನ ಮೂರು ಭಾನುವಾರಗಳಂದು ವಧೂವರರ ಹೆಸರುಗಳನ್ನು ದೇವಾಲಯದಲ್ಲಿ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯೊಂದುಂಟು. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆಯೆಂದೂ, ಅದಕ್ಕೆ ಅಡ್ಡಿಯಾಗತಕ್ಕ ಸಂಗತಿಯೇನಾದರೂ ಯಾರಿಗಾದರೂ ಗೊತ್ತಿದ್ದಲ್ಲಿ ತಿಳಿಸಬೇಕೆಂದೂ ಪಾದ್ರಿಗಳು ಸಭೆಗೆ ಹೇಳುವರು. ಸಾಮಾನ್ಯವಾಗಿ ಯಾರೂ ಏನೂ ಹೇಳುವುದಿಲ್ಲ. ಹಿಂದಿನ ಸಾಲಿನ ಹುಡುಗರು ವರನ ಕಡೆ ತಿರುಗಿ ನಗುವರು. ವರನು ತಲೆ ತಗ್ಗಿಸುವನು. ಆರಾಧನೆ ಮುಂದೆ ಸಾಗುವುದು.

ಇಲ್ಲಿ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ನಂಜನಗೂಡಿನ ಕಡೆಯ ಒಂದು ಹಳ್ಳಿ. ಸಭೆ ಚಿಕ್ಕದು. ಮೊದಲನೆಯ ಭಾನುವಾರದ ಪ್ರಕಟಣೆ ಮುಗಿದಿದೆ. ಅಂದಿನ ಸಂಜೆ ವರನು ಒಬ್ಬನೇ ಪಾದ್ರಿಯ ಮನೆಗೆ ಬರುವನು. ಹಿಂದಿನ ಡಿಸೆಂಬರ್ 1ರಂದು ಈ ಪಾದ್ರಿಯೇ ಏಡ್ಸ್ ದಿನದ ನಿಮಿತ್ತ ಸಭೆಯಲ್ಲಿ ಮಾತನಾಡಿ, ಎಚ್.ಐ.ವಿ. ಹೇಗೆ ಹರಡುವುದು, ಹೇಗೆ ಹರಡುವುದಿಲ್ಲ ಎಂಬುದನ್ನೆಲ್ಲ ವಿವರಿಸಿದ್ದವನು. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಅಯ್ಯನವರೆ, ತಾವು ಅಂದು ಹೇಳಿದ ರೋಗ ನನಗಿದೆ. ಹುಡುಗಿಯ ಮನೆಯವರಿಗೆ ಗೊತ್ತಿಲ್ಲ, ಗೊತ್ತಾಗಕೂಡದು” ಎನ್ನುವನು. ಇನ್ನೆರಡು ಭಾನುವಾರಗಳು ಉಳಿದಿವೆ. ಅಡ್ಡಿಯನ್ನು ಬಲ್ಲವರು ತಿಳಿಸಿರೆಂದು ಸಭೆಯನ್ನು ಕೇಳಬೇಕಾದವನು ಪಾದ್ರಿ, ಬಲ್ಲವನೂ ಅವನೊಬ್ಬನೇ. ಅವನ ಧರ್ಮವೇನು?

ಇದು ನಡೆದ ಕತೆಯಲ್ಲ, ಪ್ರಶ್ನೆಯನ್ನು ಎತ್ತುವುದಕ್ಕಾಗಿ ಹೆಣೆದದ್ದು. ಆದರೆ ನಡೆಯಲಾರದ ಕತೆಯೂ ಅಲ್ಲ. ಕ್ರೈಸ್ತಸಭೆಗಳು ರೋಗದ ತಡೆಯನ್ನೂ ಕುಟುಂಬಜೀವನವನ್ನೂ ಕುರಿತು ಜನರಿಗೆ ತಿಳಿವಳಿಕೆ ಕೊಡುವ ಕಾರ್ಯಕ್ಕೆ ಕೈಹಾಕಿದಂದಿನಿಂದ ಈ ಪ್ರಶ್ನೆ ಅವುಗಳ ಬಾಗಿಲಲ್ಲಿ ನಿಂತಿದೆ. ಉಪನ್ಯಾಸ ಮಾಡಿದವನ ಕೆಲಸ ಉಪನ್ಯಾಸಕ್ಕೇ ಮುಗಿಯುವುದಿಲ್ಲ. ಯಾರು ಬೋಧಿಸುವರೋ ಅವರ ಬಳಿಗೆ ಗುಟ್ಟು ಬರುವುದು. ಬಂದ ಗುಟ್ಟನ್ನು ಏನು ಮಾಡಬೇಕೆಂಬುದನ್ನು ತಿಳಿಯದೆ ಬೋಧನೆಗೆ ತೊಡಗುವುದು ಈಜು ತಿಳಿಯದವನು ಹರಿಗೋಲು ಹತ್ತಿಸಿಕೊಂಡಂತೆ.

ಕಪಿಲೆಯ ದಡದ ನಂಜನಗೂಡೂ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರವೂ ಶಿವನ ಮತ್ತು ನರಸಿಂಹನ ಕ್ಷೇತ್ರಗಳೆಂದು ನಾಡಿಗೆಲ್ಲ ಪರಿಚಿತವಾದವು. ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ರೈಸ್ತ ಕುಟುಂಬಗಳು ಕೆಲವೇ. ನಂಜನಗೂಡಿನ ಮೇಲೆ ಗುಂಡ್ಲುಪೇಟೆಯ ಕಡೆಗೆ ಹೋಗುವ ಹೆದ್ದಾರಿ ಕೇರಳಕ್ಕೂ ನೀಲಗಿರಿಗೂ ದಾರಿ. ಅದರಲ್ಲಿ ಲಾರಿಗಳಿಗೆ ಬಿಡುವಿಲ್ಲ. ಊರ ಪಕ್ಕದಲ್ಲಿ ಕಾರ್ಖಾನೆಗಳೆದ್ದಿವೆ. ನರಸೀಪುರದ ಕಡೆ ರೇಷ್ಮೆಯೂ ಕಾಲುವೆಯ ಗದ್ದೆಯೂ ಇದ್ದರೂ ದುಡಿಮೆಗಾಗಿ ಮೈಸೂರು ಬೆಂಗಳೂರುಗಳಿಗೆ ಹೋಗಿಬರುವವರು ಕಡಮೆಯಿಲ್ಲ. ಹೀಗೆ ಊರು ಬಿಟ್ಟು ತಿಂಗಳುಗಟ್ಟಲೆ ಹೊರಗಿರುವ ಗಂಡಸರೂ ಅವರ ಹಾದಿ ಕಾಯುವ ಹೆಂಗಸರೂ ಇರುವಲ್ಲಿ ಈ ಸೋಂಕಿಗೆ ಅವಕಾಶ ಹೆಚ್ಚು. ಅದಕ್ಕೆ ಮತದ ಭೇದವಿಲ್ಲ. ಗುಟ್ಟು ನಿಲ್ಲುವ ವಿಷಯದಲ್ಲಿ ಮಾತ್ರ ಭೇದವುಂಟು. ಇಪ್ಪತ್ತು ಮೂವತ್ತು ಮನೆಗಳ ಸಭೆಯಲ್ಲಿ ಒಬ್ಬನು ಎರಡು ಬಾರಿ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿಬಂದರೆ ಮೂರನೆಯ ಬಾರಿಗೆ ಕಾರಣವನ್ನು ಊರೇ ಹೇಳುವುದು.

ಪಾದ್ರಿಗಳಿಗೆ ಈ ರೋಗದ ಗೊಡವೆ ಏಕೆ, ಅದು ವೈದ್ಯರ ಕೆಲಸವಲ್ಲವೆ ಎಂದು ಕೇಳುವವರುಂಟು. ಮೈಸೂರು ಸೀಮೆಯ ಮಟ್ಟಿಗೆ ಇದು ಹೊಸ ಗೊಡವೆಯಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಸಂಸ್ಥಾನದಲ್ಲಿ ನೆಲಸಿ, ಸನ್ಯಾಸಿಯ ಉಡುಪು ತೊಟ್ಟು, ಹಿಂದೂ ಜನರ ಆಚಾರಗಳನ್ನು ಕುರಿತು ಗ್ರಂಥ ಬರೆದ ಫ್ರೆಂಚ್ ಪಾದ್ರಿ ಆಬೆ ದುಬಾಯ್, 1803-04ರಲ್ಲಿ ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸದಲ್ಲಿ ಮುಂದೆ ನಿಂತನು. ಇಪ್ಪತ್ತೈದು ಸಾವಿರಕ್ಕೂ ಮೇಲ್ಪಟ್ಟು ಜನರಿಗೆ ಆಗ ದಾಕು ಹಾಕಿದರೆಂದು ಲೆಕ್ಕವಿದೆ. ಸಿಡುಬನ್ನು ಅಮ್ಮನ ಪ್ರಸಾದವೆಂದು ತಿಳಿದಿದ್ದ ಕಾಲದಲ್ಲಿ ಅದು ಅಲ್ಪಸಾಹಸವಲ್ಲ. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಇಂದಿಗೂ ಹಳಬರು ಮಿಷನ್ ಆಸ್ಪತ್ರೆಯೆಂದೇ ಕರೆಯುವರು. 1986ರಲ್ಲಿ ಭಾರತದಲ್ಲಿ ಎಚ್.ಐ.ವಿ. ಇರುವುದು ಮೊದಲು ಗೊತ್ತಾದಾಗ, ಮದರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೆಲ್ಲಪ್ಪನ್ ಸಂಗ್ರಹಿಸಿದ ರಕ್ತದ ಪರೀಕ್ಷೆ ನಡೆದದ್ದು ವೆಲ್ಲೂರಿನ ಕ್ರೈಸ್ತ ವೈದ್ಯಕಾಲೇಜಿನಲ್ಲಿ. 2005ರಲ್ಲಿ ಭಾರತದ ಕಥೋಲಿಕ ಬಿಷಪ್ಪರ ಮಂಡಲಿ ಈ ರೋಗದ ವಿಷಯದಲ್ಲಿ ತನ್ನ ನೀತಿಯನ್ನು ಬರೆದು ಪ್ರಕಟಿಸಿತು. ಆದುದರಿಂದ ವೈದ್ಯಶಾಲೆಗೂ ದೇವಾಲಯಕ್ಕೂ ನಡುವೆ ಓಡಾಟವಿರುವುದು ವಿಚಿತ್ರವಲ್ಲ. ವಿಚಿತ್ರವಾದುದು ಬೇರೆ: ದೇವಾಲಯದಲ್ಲಿ ಪಾಪದ ಮಾತು ನಡೆಯುವುದು, ವೈದ್ಯಶಾಲೆಯಲ್ಲಿ ರೋಗದ ಮಾತು, ಈ ರೋಗದ ಪ್ರಸ್ತಾಪ ಬಂದೊಡನೆ ಎರಡೂ ಒಂದರೊಳಗೊಂದು ಬೆರೆತುಹೋಗುವುವು.

ಈ ಬೆರಕೆ ಕ್ರೈಸ್ತರಿಗೆ ಮಾತ್ರ ಸೇರಿದ ದೋಷವೆಂದು ಯಾರೂ ತಿಳಿಯಬಾರದು. ಯಾವ ಪಾಪದಿಂದ ಯಾವ ರೋಗ ಬರುವುದೆಂದು ಪಟ್ಟಿ ಮಾಡಿದ ಕರ್ಮವಿಪಾಕ ಗ್ರಂಥಗಳು ಸಂಸ್ಕೃತದಲ್ಲಿ ಬೇಕಾದಷ್ಟಿವೆ. ಕುಷ್ಠರೋಗಿಯನ್ನು ಊರ ಹೊರಗೆ ಇರಿಸಿದವರಿಗೆ ಅವು ಬೆನ್ನೆಲುಬಾಗಿದ್ದುವು. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಫಿರಂಗವೆಂಬ ಹೊಸ ರೋಗದ ವಿವರಣೆಯಿದೆ. ಪರದೇಶದವರ ಸಂಪರ್ಕದಿಂದ ಬಂದದ್ದಾದುದರಿಂದ ಆ ಹೆಸರು. ಕನ್ನಡದಲ್ಲಿ ಅದೇ ಪರಂಗಿ ಹುಣ್ಣು. ಅದೇ ರೋಗವನ್ನು ಇಟಲಿಯವರು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರ ರೋಗವೆಂದರು. ರೋಗವು ಯಾವಾಗಲೂ ಮತ್ತೊಬ್ಬರದು. ಎಚ್.ಐ.ವಿ. ಬಂದಾಗ ಮೊದಮೊದಲು ಅದು ವಿದೇಶೀಯರದೆಂದೂ, ಆಮೇಲೆ ವೇಶ್ಯೆಯರದೆಂದೂ, ಲಾರಿಯವರದೆಂದೂ ಹೇಳಿದರು. ಹಾಗೆ ಹೇಳುತ್ತಿರುವಾಗಲೇ ಅದು ಮನೆಯೊಳಗೆ ಬಂದು ಕುಳಿತಿತ್ತು. 1997ರಲ್ಲಿ ಪ್ರಕಟವಾದ ಪುಣೆಯ ಒಂದು ಅಧ್ಯಯನದಲ್ಲಿ, ಗುಹ್ಯರೋಗದ ಚಿಕಿತ್ಸಾಲಯಕ್ಕೆ ಬಂದ, ವೇಶ್ಯಾವೃತ್ತಿಯವರಲ್ಲದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಈ ಸೋಂಕು ಇದ್ದಿತು. ಅವರಲ್ಲಿ ಹೆಚ್ಚಿನವರು ಗಂಡನ ಹೊರತು ಅನ್ಯರನ್ನು ಅರಿಯದವರು.

ಈ ಒಂದು ಸಂಗತಿ ಉಪದೇಶಕನ ಕಾಲ ಕೆಳಗಿನ ನೆಲವನ್ನೇ ಅಲುಗಿಸುವುದು. ಶೀಲದಿಂದಿದ್ದವರಿಗೆ ಭಯವಿಲ್ಲ ಎಂದು ಅವನು ಭಾನುವಾರ ಬೋಧಿಸಿದರೆ, ಕೆಳಗೆ ಕುಳಿತ ಹೆಂಗಸರಲ್ಲಿ ಒಬ್ಬಳಿಗೆ ಆ ಮಾತು ಸುಳ್ಳಾಗಬಹುದು. ಅವಳ ಶೀಲದಲ್ಲಿ ಕುಂದಿಲ್ಲ; ರಕ್ತದಲ್ಲಿ ವಿಷವಿದೆ. ಅವಳಿಗೆ ಆ ಬೋಧನೆಯಿಂದ ಎರಡು ಹಾನಿ: ರಕ್ಷಣೆ ಸಿಕ್ಕಲಿಲ್ಲ, ಮೇಲೆ ಅಪವಾದ ಸಿಕ್ಕಿತು. ಅವಳು ಪರೀಕ್ಷೆಗೆ ಹೋಗಲು ಹಿಂಜರಿಯುವಳು, ಏಕೆಂದರೆ ಪರೀಕ್ಷೆ ಎಂದರೆ ಪಾಪದ ಒಪ್ಪಿಗೆಯೆಂದು ಆ ಬೋಧನೆಯೇ ಕಲಿಸಿದೆ. ಹೀಗೆ ನೀತಿಯ ಹೆಸರಿನಿಂದ ರೋಗಕ್ಕೆ ಮರೆ ದೊರೆಯುವುದು. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು, ಇದು ಇವನ ಪಾಪದಿಂದಲೋ ತಂದೆತಾಯಿಗಳ ಪಾಪದಿಂದಲೋ ಎಂದು ಕೇಳುವ ಪ್ರಸಂಗವಿದೆ. ಯೇಸುವು ಎರಡನ್ನೂ ಒಪ್ಪದೆ ಕುರುಡನಿಗೆ ಕಣ್ಣು ಕೊಡುವ ಕೆಲಸಕ್ಕೆ ತೊಡಗುವನು. ಪಾದ್ರಿಗಳು ಓದಿ ಹೇಳುವ ಪುಸ್ತಕದಲ್ಲೇ ಉತ್ತರವಿರುವಾಗ ಹೊರಗೆ ಹುಡುಕಬೇಕಾದುದಿಲ್ಲ. ಉಗಾಂಡದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶ ಎಂಬುವನು 1992ರಲ್ಲಿ ತನಗೆ ಎಚ್.ಐ.ವಿ. ಇದೆಯೆಂದು ಬಹಿರಂಗವಾಗಿ ಹೇಳಿಕೊಂಡನು; ಆಫ್ರಿಕದ ಧರ್ಮಗುರುಗಳಲ್ಲಿ ಹಾಗೆ ಹೇಳಿದವನು ಅವನೇ ಮೊದಲಿಗ. ಆ ಒಂದು ಮಾತು ಮಾಡುವ ಕೆಲಸವನ್ನು ನೂರು ಉಪನ್ಯಾಸಗಳು ಮಾಡಲಾರವು.

ಕುಟುಂಬಶಿಕ್ಷಣವೆಂಬುದರಲ್ಲಿ ಏನನ್ನು ಕಲಿಸಬೇಕು, ಏನನ್ನು ಬಿಡಬೇಕು ಎಂಬ ವಿಷಯದಲ್ಲಿ ಚರ್ಚೆ ಮುಗಿದಿಲ್ಲ. ಶಾಲೆಗಳ ಪಾಡು ಎಲ್ಲರಿಗೂ ಗೊತ್ತು: ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಅದನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಮುಂದಿನ ಪಾಠಕ್ಕೆ ಹಾರುವ ಉಪಾಧ್ಯಾಯರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಮನೆಯಲ್ಲಿ ಯಾರು ಓದಿಸುವರೆಂದು ಅವರೂ ಕೇಳರು, ಮನೆಯವರೂ ಹೇಳರು. 2007ರಲ್ಲಿ ಹದಿಹರೆಯದವರಿಗೆ ಈ ವಿಷಯಗಳನ್ನು ಶಾಲೆಯಲ್ಲಿ ಬೋಧಿಸುವ ಯೋಜನೆಯನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ತಡೆದುವು. ಹೀಗಿರಲು, ಮದುವೆಗೆ ಸಿದ್ಧರಾದವರನ್ನು ಕೂರಿಸಿಕೊಂಡು ದಾಂಪತ್ಯವನ್ನು ಕುರಿತು ಮಾತನಾಡುವ ವಾಡಿಕೆ ಕ್ರೈಸ್ತಸಭೆಗಳಲ್ಲಿರುವುದು ಅಸೂಯೆಪಡತಕ್ಕ ಸಂಗತಿಯೇ. ಅಲ್ಲಿ ಬ್ರಹ್ಮಚರ್ಯವನ್ನೂ ಏಕಪತ್ನೀವ್ರತವನ್ನೂ ಬೋಧಿಸಿ ನಿರೋಧದ ಸಾಧನವನ್ನು ಕುರಿತು ಮೌನವಾಗಿರುವರೆಂಬ ಆಕ್ಷೇಪವಿದೆ. ಆಕ್ಷೇಪ ಪೂರ್ತಿ ನ್ಯಾಯವಲ್ಲ. ಪೋಪ್ ಹದಿನಾರನೆಯ ಬೆನೆಡಿಕ್ಟರೇ 2010ರಲ್ಲಿ ಕೆಲವು ಸಂದರ್ಭಗಳಲ್ಲಿ ಅದರ ಬಳಕೆಯು ಹೊಣೆಗಾರಿಕೆಯ ಮೊದಲ ಹೆಜ್ಜೆಯಾಗಬಹುದೆಂದರು. ಒಬ್ಬನು ತನ್ನ ಮತಕ್ಕೆ ಒಪ್ಪದುದನ್ನು ಬೋಧಿಸದಿರುವುದು ಅವನ ಹಕ್ಕು. ಅದು ತಾಲ್ಲೂಕು ಆಸ್ಪತ್ರೆಯಲ್ಲಿ ತಿಳಿಯುತ್ತದೆ, ಅಲ್ಲಿ ಕೇಳಿಕೊಳ್ಳಿ ಎಂದು ಕೂಡ ಹೇಳದಿರುವುದು ಹಕ್ಕಲ್ಲ.

ಇನ್ನು ಗುಟ್ಟಿನ ವಿಚಾರ. ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕತೆ ಬರುವುದು. ಎಂದಿಗೂ ಸತ್ಯವನ್ನೇ ನುಡಿಯುವೆನೆಂದು ವ್ರತ ತೊಟ್ಟವನು ಅವನು. ಕಳ್ಳರಿಗೆ ಹೆದರಿ ಕೆಲವರು ಓಡಿಬಂದು ಅವನ ಕಣ್ಣೆದುರಿಗೇ ಕಾಡಿನಲ್ಲಿ ಅಡಗಿದರು. ಹಿಂದೆಯೇ ಬಂದ ಕಳ್ಳರು ಕೇಳಲು ಅವನು ಇದ್ದದ್ದನ್ನು ಇದ್ದಂತೆ ಹೇಳಿದನು. ಅಡಗಿದ್ದವರು ಸತ್ತರು, ಸತ್ಯವಂತನು ನರಕಕ್ಕೆ ಹೋದನು. ಕೃಷ್ಣನು ಅರ್ಜುನನಿಗೆ ಈ ಕತೆಯನ್ನು ಹೇಳುವುದು ವ್ರತದ ಅಕ್ಷರಕ್ಕೆ ಅಂಟಿಕೊಂಡು ಅಣ್ಣನನ್ನೇ ಕೊಲ್ಲಲು ಹೊರಟಾಗ. ಗುಟ್ಟನ್ನು ಹೊರಗೆಡಹುವವನಿಗೆ ಇದಕ್ಕಿಂತ ತೀಕ್ಷ್ಣವಾದ ಎಚ್ಚರಿಕೆ ಬೇಕಿಲ್ಲ. ಸೋಂಕಿನ ಸುದ್ದಿ ಹೊರಬಿದ್ದ ಕಾರಣ ಬಾಡಿಗೆಮನೆ ಕಳೆದುಕೊಂಡವರು, ಕೆಲಸ ಕಳೆದುಕೊಂಡವರು, ಬಾವಿಯ ಕಟ್ಟೆಯಿಂದ ದೂರ ನಿಲ್ಲಬೇಕಾದವರು ಈ ನಾಡಿನಲ್ಲಿ ಆಗಿಹೋಗಿದ್ದಾರೆ.

ಆದರೆ ಪಾದ್ರಿಯ ಕಷ್ಟ ಕೌಶಿಕನದಕ್ಕಿಂತ ಜಟಿಲವಾದುದು. ಕೌಶಿಕನು ಸುಮ್ಮನಿದ್ದಿದ್ದರೆ ಯಾರಿಗೂ ಕೇಡಿರಲಿಲ್ಲ. ಇಲ್ಲಿ ನುಡಿದರೆ ಒಬ್ಬನಿಗೆ ಕೇಡು, ಸುಮ್ಮನಿದ್ದರೆ ಒಬ್ಬಳಿಗೆ ಕೇಡು. ನಂಜನಗೂಡಿನ ದೇವರು ನಂಜುಂಡನು: ಹಾಲಾಹಲವನ್ನು ಉಗುಳಲಿಲ್ಲ, ಉಗುಳಿದ್ದರೆ ಲೋಕಕ್ಕೆ ಅಪಾಯ, ನುಂಗಲಿಲ್ಲ, ನುಂಗಿದ್ದರೆ ಒಳಗಿನ ಲೋಕಗಳಿಗೆ ಅಪಾಯ, ಕಂಠದಲ್ಲಿ ಹಿಡಿದನು. ಟಿಪ್ಪುಸುಲ್ತಾನನು ತನ್ನ ಆನೆಯ ಕಣ್ಣು ವಾಸಿಯಾದುದಕ್ಕಾಗಿ ಈತನನ್ನೇ ಹಕೀಮ್ ನಂಜುಂಡನೆಂದು ಕರೆದನೆಂಬ ಐತಿಹ್ಯವಿದೆ. ವಿಷವನ್ನು ಕಂಠದಲ್ಲಿ ಹಿಡಿಯಬಲ್ಲವನೇ ವೈದ್ಯನೆಂಬ ಅರ್ಥ ಅದರಲ್ಲಿ ಸುಲ್ತಾನನಿಗೆ ತೋರಿತ್ತೋ ಇಲ್ಲವೋ. ಆದರೆ ದೇವರಿಗೆ ಅದು ಎಂದೆಂದಿಗೂ ಸಾಧ್ಯ. ಮನುಷ್ಯನಾದ ಪಾದ್ರಿಗೆ ಹದಿನಾಲ್ಕು ದಿನ ಮಾತ್ರ ಅವಕಾಶ.

ದೇಶದ ನ್ಯಾಯಾಲಯವೂ ಈ ತೊಡಕಿನಲ್ಲಿ ತಡವರಿಸಿದ್ದುಂಟು. ಒಬ್ಬ ವೈದ್ಯನಿಗೆ ಸೋಂಕಿರುವ ಸಂಗತಿ ಆಸ್ಪತ್ರೆಯಿಂದ ಹೊರಬಿದ್ದು ಅವನ ಮದುವೆ ಮುರಿದು, ಅವನು ದಾವೆ ಹೂಡಿದನು. 1998ರಲ್ಲಿ ಸುಪ್ರೀಂ ಕೋರ್ಟು, ಕನ್ಯೆಯ ಪ್ರಾಣ ಉಳಿಯಿತಾದುದರಿಂದ ಆಸ್ಪತ್ರೆಯದು ತಪ್ಪಲ್ಲವೆಂದಿತು. ಅಷ್ಟಕ್ಕೇ ನಿಲ್ಲದೆ, ಇಂಥವರ ವಿವಾಹದ ಹಕ್ಕೇ ಅಮಾನತಿನಲ್ಲಿರುವುದೆಂದೂ ನುಡಿಯಿತು. 2002ರಲ್ಲಿ ಆ ಎರಡನೆಯ ಮಾತು ಅನಾವಶ್ಯಕವಾಗಿತ್ತೆಂದು ಅದೇ ನ್ಯಾಯಾಲಯ ಹೇಳಿತು. ಕೊನೆಗೆ 2017ರಲ್ಲಿ ಆದ ಶಾಸನ, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದದ್ದು, ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಗುರುತಿಸಿದೆ. ನಂಬಿಕೆಯಿಂದ ಹೇಳಿದ ಇಂಥ ಗುಟ್ಟನ್ನು ಸಮ್ಮತಿಯಿಲ್ಲದೆ ಯಾರೂ ಹೊರಗೆಡಹಕೂಡದು. ಸಂಗಾತಿಗೆ ತಿಳಿಸುವ ಅಧಿಕಾರ ವೈದ್ಯನಿಗೂ ಆಪ್ತಸಮಾಲೋಚಕನಿಗೂ ಮಾತ್ರ; ಅದೂ ಸಂಗಾತಿಗೆ ಅಪಾಯವಿದೆಯೆಂದು ನಂಬಲು ಕಾರಣವಿದ್ದು, ನೀನೇ ಹೇಳೆಂದು ರೋಗಿಗೆ ಬುದ್ಧಿಹೇಳಿ, ಅವನು ಹೇಳುವುದಿಲ್ಲವೆಂದು ಖಚಿತವಾಗಿ, ತಾನು ಹೇಳಲಿರುವೆನೆಂದು ಅವನಿಗೆ ಮುಂಚಿತವಾಗಿ ತಿಳಿಸಿ, ಆಮೇಲೆ ಎದುರಿಗೆ ಕೂರಿಸಿಕೊಂಡು. ಹೆಂಗಸಿನ ಗುಟ್ಟನ್ನು ಹೇಳುವುದರಿಂದ ಅವಳಿಗೆ ಹೊಡೆತವೋ ತ್ಯಾಗವೋ ಒದಗುವ ಭಯವಿದ್ದರೆ ಹೇಳಕೂಡದು. ಸೋಂಕಿರುವವನ ಮೇಲೂ, ಮತ್ತೊಬ್ಬರಿಗೆ ಅದು ಹರಡದಂತೆ ನೋಡಿಕೊಳ್ಳುವ ಕರ್ತವ್ಯವನ್ನು ಶಾಸನವು ಹೊರಿಸಿದೆ. ಧರ್ಮಸೂಕ್ಷ್ಮವನ್ನು ಇಷ್ಟು ತಾಳ್ಮೆಯಿಂದ ಬಿಡಿಸಿದ ಶಾಸನಗಳು ಹೆಚ್ಚಿಲ್ಲ. ಪಾದ್ರಿಯು ಅದರಲ್ಲಿ ವೈದ್ಯನೂ ಅಲ್ಲ, ಸಮಾಲೋಚಕನೂ ಅಲ್ಲ. ಹೇಳುವ ಅಧಿಕಾರ ಅವನಿಗಿಲ್ಲ. ಹೇಳಬಲ್ಲವರ ಬಳಿಗೆ ಹುಡುಗನನ್ನು ಕರೆದೊಯ್ಯುವ ಅಧಿಕಾರ ಇದೆ.

ಕರೆದೊಯ್ದರೆ ಏನು ತಿಳಿಯುವುದು? ಮೂವತ್ತು ವರ್ಷಗಳ ಹಿಂದೆ ಇದೇ ಮಾತು ಮರಣದ ತೀರ್ಪಾಗಿತ್ತು. ಗುಟ್ಟಿನ ಭಾರವೆಲ್ಲ ಆ ತೀರ್ಪಿನ ಭಾರವೇ. 2004ರ ಏಪ್ರಿಲಿನಿಂದ ಸರ್ಕಾರವು ಔಷಧವನ್ನು ಪುಕ್ಕಟೆ ಕೊಡಲು ತೊಡಗಿತು. 2017ರಿಂದ ಸೋಂಕು ಕಂಡುಬಂದ ಪ್ರತಿಯೊಬ್ಬರಿಗೂ, ರೋಗ ಬಲಿಯುವವರೆಗೆ ಕಾಯದೆ, ಔಷಧ ದೊರೆಯುವುದು. ದಿನವೂ ತಪ್ಪದೆ ತೆಗೆದುಕೊಂಡರೆ ವೈರಾಣು ರಕ್ತದಲ್ಲಿ ಕಾಣಿಸದಷ್ಟು ಅಡಗುವುದು. ಹಾಗೆ ಅಡಗಿದವರಿಂದ ಸಂಗಾತಿಗೆ ಸೋಂಕು ತಗಲಿದ ಒಂದು ನಿದರ್ಶನವೂ 2016 ಮತ್ತು 2019ರಲ್ಲಿ ಪ್ರಕಟವಾದ ಯೂರೋಪಿನ ದೊಡ್ಡ ಅಧ್ಯಯನಗಳಲ್ಲಿ ಸಿಕ್ಕಲಿಲ್ಲ. ತಾಯಿಯಿಂದ ಮಗುವಿಗೆ ಹರಡುವುದು, ಏನೂ ಮಾಡದಿದ್ದರೆ ನೂರಕ್ಕೆ 15ರಿಂದ 45ರವರೆಗೆ ಇರುವಂಥದು, ಚಿಕಿತ್ಸೆಯಿಂದ 5ಕ್ಕಿಂತ ಕೆಳಗಿಳಿಯುವುದು. ಕಾಶಿಯನ್ನೂ ತಿರುಮಕೂಡಲನ್ನೂ ತಕ್ಕಡಿಯಲ್ಲಿಟ್ಟರೆ ತಿರುಮಕೂಡಲು ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂದು ಗುಂಜಾನರಸಿಂಹನ ಕ್ಷೇತ್ರದವರು ಹೇಳಿಕೊಳ್ಳುವರು. ಇಲ್ಲಿಯೂ ಗುಟ್ಟು ಮತ್ತು ಸತ್ಯಗಳ ತಕ್ಕಡಿಯನ್ನು ವಾಲಿಸಿರುವುದು ಗುಲಗಂಜಿಗಾತ್ರದ ಮಾತ್ರೆಯೇ. ಸತ್ಯ ಹೇಳಿದರೆ ಎಲ್ಲವೂ ಮುಗಿಯಿತೆಂಬ ಕಾಲ ಹೋಗಿದೆ. ಹೇಳಿದ ಮೇಲೂ ಮದುವೆ ಉಂಟು, ಮಕ್ಕಳುಂಟು. ಊರ ಜನರಿಗೆ ಈ ಸಂಗತಿ ಇನ್ನೂ ತಲುಪಿಲ್ಲ. ಸಭೆಗಳ ಬೋಧನೆಯಲ್ಲಿ ಮೊದಲು ಬರಬೇಕಾದ ಪಾಠ ಇದೇ. ರೋಗಿಗಳ ಭಯಂಕರ ಚಿತ್ರಗಳನ್ನು ಗೋಡೆಗೆ ತೂಗುಹಾಕುವುದಲ್ಲ.

ಮದುವೆಗೆ ಮುನ್ನ ಎಲ್ಲರಿಗೂ ಪರೀಕ್ಷೆಯನ್ನು ಕಡ್ಡಾಯ ಮಾಡಿದರೆ ತೊಂದರೆಯೇ ಇಲ್ಲವಲ್ಲ ಎನ್ನುವ ಸರಳ ಬುದ್ಧಿಯವರುಂಟು. ಕಡ್ಡಾಯವಾದಲ್ಲಿ ಸುಳ್ಳು ಸರ್ಟಿಫಿಕೇಟು ಹುಟ್ಟುವುದು. ಸೋಂಕು ತಗಲಿದ ಹೊಸತರಲ್ಲಿ ಕೆಲವು ವಾರಗಳು ಪರೀಕ್ಷೆಗೇ ಅದು ಸಿಕ್ಕದಿರುವುದೂ ಉಂಟು. ಸಮ್ಮತಿಯಿಲ್ಲದ ಪರೀಕ್ಷೆಗೆ ಶಾಸನದ ಒಪ್ಪಿಗೆಯೂ ಇಲ್ಲ. ಅದಕ್ಕೆ ಬದಲಾಗಿ, ನಿಶ್ಚಯವಾದ ದಿನದಿಂದಲೇ ಪ್ರತಿಯೊಂದು ಜೋಡಿಗೂ, ಶ್ರೀಮಂತನ ಮಗಳೆನ್ನದೆ, ಪಾದ್ರಿಯ ಮಗನೇ ಎನ್ನದೆ, ಇಬ್ಬರೂ ಒಟ್ಟಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬನ್ನಿರಿ, ಫಲವನ್ನು ನೀವಿಬ್ಬರೇ ನೋಡಿಕೊಳ್ಳಿರಿ ಎಂದು ಸಲಹೆ ಕೊಡುವುದಾದರೆ ಅದು ಯಾರ ಮೇಲೂ ಬೆರಳು ತೋರಿಸಿದಂತಾಗದು. ಹಿಂದೂ ಮನೆಗಳಲ್ಲಿ ಜಾತಕ ಕೇಳುವುದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಎಲ್ಲರನ್ನೂ ಕೇಳುವುದೇ ಅದಕ್ಕೆ ಕಾರಣ. ಕುಜದೋಷಕ್ಕೆ ಅಷ್ಟು ಹೆದರುವ ಮನೆಗಳು ಈ ಇನ್ನೊಂದು ಪ್ರಶ್ನೆಯನ್ನು ಕೇಳಲು ನಾಚುವುದೇ ಆಶ್ಚರ್ಯ.

ಕಲ್ಪಿಸಿಕೊಂಡ ಹಳ್ಳಿಯಲ್ಲಿ ಆ ವಾಡಿಕೆ ಇರಲಿಲ್ಲ. ಆದುದರಿಂದ ಪಾದ್ರಿಯ ಮುಂದೆ ಹುಡುಗನಿದ್ದಾನೆ, ಹದಿನಾಲ್ಕು ದಿನಗಳಿವೆ. ಅವನು ಮೊದಲು ಮಾಡಬೇಕಾದುದು ಬೈಯದಿರುವುದು. ಎರಡನೆಯದು, ಸೋಮವಾರದ ಬಸ್ಸಿನಲ್ಲಿ ತಾನೂ ಜೊತೆಗೂಡಿ ಅವನನ್ನು ತಾಲ್ಲೂಕು ಆಸ್ಪತ್ರೆಯ ಸಮಾಲೋಚಕರ ಕೊಠಡಿಗೆ ಕರೆದೊಯ್ಯುವುದು. ಊರವರು ಕೇಳಿದರೆ ಸಭೆಯ ಕೆಲಸವೆನ್ನಬಹುದು, ಅದು ಸುಳ್ಳಲ್ಲ. ಮೂರನೆಯದು, ಹುಡುಗಿಗೆ ಹುಡುಗನೇ ಹೇಳುವಂತೆ ಅವನ ಎದೆಯನ್ನು ಗಟ್ಟಿಮಾಡುವುದು. ಅವಳ ತಂದೆಗಲ್ಲ, ಸಭೆಯ ಹಿರಿಯರಿಗಲ್ಲ, ಅವಳಿಗೆ; ಏಕೆಂದರೆ ಮದುವೆಗೆ ಒಪ್ಪಬೇಕಾದವಳು ಅವಳು, ಮತ್ತು ಒಪ್ಪಿಗೆಯೆಂಬುದು ತಿಳಿದು ಕೊಟ್ಟಾಗ ಮಾತ್ರ ಒಪ್ಪಿಗೆ. ಅವನು ಹೇಳಿ ಅವಳು ಬೇಡವೆಂದರೆ ಕಾರಣವನ್ನು ಮೂವರೂ ಒಳಗೇ ಇಟ್ಟುಕೊಳ್ಳತಕ್ಕದ್ದು. ಅವಳು ಒಪ್ಪಿದರೆ ಹಿರಿಯರಾಗಲಿ ಸಭೆಯಾಗಲಿ ನಡುವೆ ಬಾಯಿಹಾಕಲು ಏನೂ ಇಲ್ಲ.

ಅವನು ಹೇಳಲೊಲ್ಲದಿದ್ದರೆ? ಪಾದ್ರಿಯು ಮದುವೆ ಮಾಡಿಸಲು ಒಪ್ಪದಿರಬಹುದು, ಕಾರಣ ಹೇಳದೆಯೂ ಇರಬಹುದು. ಇಪ್ಪತ್ತು ಮನೆಗಳ ಸಭೆಯಲ್ಲಿ ಕಾರಣ ಹೇಳದ ನಿರಾಕರಣೆಯೇ ಒಂದು ಪ್ರಕಟಣೆಯಾಗುವುದು ನಿಜ. ಆದರೂ ಸುಮ್ಮನೆ ಮುಹೂರ್ತ ನಡೆಯಿಸಿ ಕೈತೊಳೆದುಕೊಳ್ಳುವುದಕ್ಕಿಂತ ಅದು ಮೇಲೆಂದು ತೋರುವುದು, ಏಕೆಂದರೆ ಕೈತೊಳೆದ ನೀರು ಆ ಹುಡುಗಿಯ ಮೇಲೆಯೇ ಬೀಳುವುದು. ಅಷ್ಟರಲ್ಲಿ ಸಮಾಲೋಚಕನು ಶಾಸನ ಹೇಳಿದ ಹೆಜ್ಜೆಗಳನ್ನು ಹತ್ತುತ್ತಿರಬಹುದು.

ಆದರೆ ಪಾದ್ರಿಯು ಕಥೋಲಿಕ ಗುರುವಾಗಿದ್ದು, ಹುಡುಗನು ಈ ಮಾತನ್ನು ಮನೆಯ ಜಗಲಿಯಲ್ಲಿ ಹೇಳದೆ ಪಾಪನಿವೇದನೆಯ ಪೀಠದಲ್ಲಿ ಹೇಳಿದ್ದರೆ ಈ ಯಾವ ದಾರಿಯೂ ಅವರಿಗಿಲ್ಲ. ಅಲ್ಲಿ ಕೇಳಿದ್ದನ್ನು ಬಾಯಿಂದಾಗಲಿ ನಡತೆಯಿಂದಾಗಲಿ ಹೊರಗೆಡಹಕೂಡದೆಂಬುದು ಅವರ ಸಭೆಯ ಕಟ್ಟುನಿಟ್ಟಾದ ನಿಯಮ. ಆ ತಿಳಿವಳಿಕೆಯಿಂದ ಮದುವೆಯನ್ನು ನಿರಾಕರಿಸುವ ಹಾಗೂ ಇಲ್ಲ. ಅದೇ ಪೀಠದಲ್ಲಿ, ಅದೇ ಹೊತ್ತಿನಲ್ಲಿ, ಹುಡುಗನ ಮನಸ್ಸನ್ನು ತಿರುಗಿಸಬಲ್ಲ ಮಾತುಗಳು ಅವರಿಗೆ ಸಿಕ್ಕಬೇಕು. ಸಿಕ್ಕದೆಹೋದರೆ ಮೂರನೆಯ ಭಾನುವಾರ ಅವರು ಎಂದಿನಂತೆ ಇಬ್ಬರ ಹೆಸರುಗಳನ್ನೂ ಓದಿ, ಅಡ್ಡಿಯನ್ನು ಬಲ್ಲವರು ತಿಳಿಸಿರೆಂದು ಕೇಳಿ, ಉತ್ತರಕ್ಕಾಗಿ ಒಂದು ಕ್ಷಣ ನಿಲ್ಲಬೇಕಾಗುವುದು.